ಎನ್‌ಐಸಿಯುನಲ್ಲಿರೋ ಮಗುವಿನ ಕಿಡ್ನಿಗೆ ಪೆಟ್ಟಾಗಿದೆ ಅಂದ್ರೆ ಮನೆಯವ್ರು ಏನು ನೋಡ್ಬೇಕು, ಏನು ಕೇಳ್ಬೇಕು

ಮಗು ಎನ್‌ಐಸಿಯು, ಅಂದ್ರೆ ಹುಸಾರಿಲ್ಲದ ಹೊಸ ಮಕ್ಕಳ ಐಸಿಯು ಒಳಗೆ ಇರುವಾಗ ಹೊರಗೆ ಬೆಂಚಲ್ಲಿ ಕೂತವ್ರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಥರ ಇರ್ತದೆ, ಉಸಿರಾಟ ಹೇಗುಂಟು, ವೆಂಟಿಲೇಟರ್ ಯಾವಾಗ ತೆಗಿತಾರೆ, ಜಾಂಡಿಸ್ ಇಳೀತಾ, ಹಾಲು ಯಾವಾಗ ಶುರು ಮಾಡ್ತಾರೆ. ಉಚ್ಚೆ ಎಷ್ಟು ಹೋಗ್ತಾ ಉಂಟು ಅಂತ ಕೇಳುವವ್ರು ತುಂಬಾ ಕಮ್ಮಿ. ನಾನು ಉಡುಪಿ ಕಡೆ ಎನ್‌ಐಸಿಯುನಲ್ಲಿ ಸ್ಟಾಫ್ ನರ್ಸ್, ಸುಮಾರು ವರ್ಷದಿಂದ ಇದೇ ಕೆಲಸ. ಹಾರ್ಟಿಗೆ ಮಾನಿಟರಲ್ಲಿ ಗೆರೆ ಉಂಟು, ಆಕ್ಸಿಜನ್ ಕಮ್ಮಿ ಆದ್ರೆ ಅಲಾರಂ ಹೊಡಿತದೆ, ಕಿಡ್ನಿಗೆ ಅಂಥದ್ದು ಯಾವುದೂ ಇಲ್ಲ, ಅದು ಸುಮ್ಮನೆ ಹಾಳಾಗ್ತದೆ, ಎಷ್ಟೋ ಸಲ ಸುಮ್ಮನೆ ಸರಿಯೂ ಆಗ್ತದೆ, ಸರಿ ಆದ್ಮೇಲೆ ಎಲ್ಲರೂ ಅದನ್ನ ಮರೆತು ಬಿಡ್ತಾರೆ. ಆ ಮರೆಯೋದೇ ನನಗೆ ಬೇಜಾರು. ಆಸ್ಪತ್ರೆಯಲ್ಲಿ ಇರುವಾಗ ಕಿಡ್ನಿಯ ಲೆಕ್ಕ ದಿನಾ ಕೇಳಿ ಬರೆದಿಟ್ಕೊಳ್ಳಿ, ಮನೆಗೆ ಹೋಗುವಾಗ ಆ ಲೆಕ್ಕವನ್ನ ಮಗುವಿನ ಜೊತೆ ಕರ್ಕೊಂಡು ಹೋಗಿ. ಅದನ್ನ ಹೇಗೆ ಮಾಡೋದು ಅಂತ ಕೆಳಗೆ ಬರ್ದಿದ್ದೇನೆ. ಮದ್ದು, ಡೋಸು, ಡ್ರಿಪ್ ಎಲ್ಲ ಡಾಕ್ಟ್ರು ನಿರ್ಧಾರ ಮಾಡುವ ವಿಷಯ, ಇದನ್ನ ಓದಿ ಯಾರೂ ಮದ್ದು ನಿಲ್ಸಿ ಅಂತ ಜಗಳಕ್ಕೆ ಹೋಗ್ಬೇಡಿ ಆಯ್ತಾ.

ಕಿಡ್ನಿ ಪೆಟ್ಟು ಅಂದ್ರೆ ಹೊರಗಿನ ಏಟಲ್ಲ, ಕಿಡ್ನಿ ಇದ್ದಕ್ಕಿದ್ದ ಹಾಗೆ ಸರಿ ಕೆಲಸ ಮಾಡದೆ ಹೋಗೋದು. ಇದು ನಮ್ಮ ಮಗುವಿಗೆ ಮಾತ್ರ ಆಗಿದ್ದು, ನಾವು ಏನೋ ತಪ್ಪು ಮಾಡಿದ್ದೇವೆ ಅಂತ ಎಷ್ಟೋ ತಾಯಂದಿರು ಒಳಗೊಳಗೇ ಕೊರಗ್ತಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮತ್ತೆ ನಮ್ಮ ಭಾರತದ ಒಟ್ಟು 24 ಎನ್‌ಐಸಿಯುಗಳ ಮಕ್ಕಳ ದಾಖಲೆ ನೋಡಿ ಮಾಡಿದ ಅವೇಕನ್ ಅನ್ನೋ ಅಧ್ಯಯನ 2017ರಲ್ಲಿ ಬಂತು, ಅದರಲ್ಲಿ 2022 ಮಕ್ಕಳ ಪೈಕಿ 605 ಮಕ್ಕಳಿಗೆ, ಅಂದ್ರೆ ಶೇ. 30 ಮಕ್ಕಳಿಗೆ ಕಿಡ್ನಿ ಪೆಟ್ಟು ಆಗಿತ್ತು. 29 ವಾರಕ್ಕೂ ಮೊದಲು ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ. ತಿಂಗಳು ತುಂಬಿ ಹುಟ್ಟಿ ಎನ್‌ಐಸಿಯು ಸೇರಿದ ಮಕ್ಕಳಲ್ಲೂ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಪೆಟ್ಟಾದ ಮಕ್ಕಳಲ್ಲಿ ಶೇ. 10 ತೀರಿಕೊಂಡಿದ್ವು, ಆಗದ ಮಕ್ಕಳಲ್ಲಿ ಶೇ. 1. ಹೆದರ್ಸೋಕೆ ಇದನ್ನ ಹೇಳ್ತಾ ಇಲ್ಲ, ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿದಿದ್ದಾವೆ ಅನ್ನೋದೂ ಅದೇ ಲೆಕ್ಕದಲ್ಲಿ ಉಂಟು, ಆದ್ರೆ ಸಣ್ಣ ವಿಷಯ ಅಂತ ಬಿಡುವ ಹಾಗೂ ಇಲ್ಲ.

ಯಾಕೆ ಆಗ್ತದೆ

ಹುಟ್ಟುವಾಗ ಅಳದೆ, ಆಕ್ಸಿಜನ್ ಸಿಗದೆ ಕಷ್ಟಪಟ್ಟ ಮಗುವಿನ ದೇಹ ಇರುವ ರಕ್ತವನ್ನೆಲ್ಲ ಮೆದುಳು ಮತ್ತೆ ಹೃದಯಕ್ಕೆ ತಿರುಗಿಸ್ತದೆ, ಆಗ ಕಿಡ್ನಿಗೆ ರಕ್ತ ಕಮ್ಮಿ ಆಗ್ತದೆ. ಇಂಥ ಕೆಲವು ಮಕ್ಕಳನ್ನ 72 ಗಂಟೆ ಕೂಲಿಂಗಲ್ಲಿ, ಅಂದ್ರೆ ಮೈ ತಂಪು ಮಾಡಿ ಇಡ್ತಾರೆ, ಅದು ಮೆದುಳು ಉಳಿಸೋಕೆ ಮಾಡೋದು, ಆ ದಿನಗಳಲ್ಲಿ ಉಚ್ಚೆ ಮೇಲೆ ಒಂದು ಕಣ್ಣು ಇದ್ದೇ ಇರ್ಬೇಕು. ತಿಂಗಳು ತುಂಬದೆ ಹುಟ್ಟಿದ ಮಕ್ಕಳದ್ದು ಬೇರೆ ಕಥೆ. ಕಿಡ್ನಿ ಒಳಗೆ ನೆಫ್ರಾನ್ ಅಂತ ರಕ್ತ ಸೋಸುವ ಸಣ್ಣ ಸಣ್ಣ ಜರಡಿಗಳ ಥರದ್ದು ಲಕ್ಷಗಟ್ಟಲೆ ಇರ್ತದೆ, ಅವು ಹೊಟ್ಟೆಯಲ್ಲಿ ಸುಮಾರು 34ರಿಂದ 36 ವಾರದ ತನಕ ಹುಟ್ತಾ ಇರ್ತಾವೆ, 28 ವಾರಕ್ಕೆ ಹೊರಗೆ ಬಂದ ಮಗುವಿಗೆ ಆ ಕೆಲಸ ಇನ್ನೂ ಅರ್ಧದಲ್ಲೇ ಇರ್ತದೆ. ಸೆಪ್ಸಿಸ್ ಅಂದ್ರೆ ರಕ್ತಕ್ಕೆ ಇನ್ಫೆಕ್ಷನ್ ಏರಿದ್ರೆ ಬಿಪಿ ಬಿದ್ದು ಕಿಡ್ನಿ ಸೋಲ್ತದೆ. ಹೃದಯದ ಆಪರೇಷನ್ ಆದ ಮಕ್ಕಳಲ್ಲೂ ಆಗ್ತದೆ. ಗಂಡು ಮಗುವಿಗೆ ಉಚ್ಚೆ ದಾರಿಯಲ್ಲೇ ಹುಟ್ಟಿನಿಂದ ತಡೆ ಇದ್ರೆ ಉಚ್ಚೆ ಹಿಂದಕ್ಕೆ ತುಂಬಿ ಕಿಡ್ನಿ ಊದಿಕೊಳ್ತದೆ, ಹನಿ ಹನಿಯಾಗಿ ಮಾತ್ರ ಬರ್ತಾ ಉಂಟು, ಚಿಮ್ಮಿ ಬರೋದೇ ಇಲ್ಲ ಅಂತ ಕಂಡ್ರೆ ತಕ್ಷಣ ಹೇಳಿ.

ಮತ್ತೆ ಮದ್ದುಗಳು. ಜೆಂಟಾಮೈಸಿನ್, ಅಮಿಕಾಸಿನ್, ವ್ಯಾಂಕೋಮೈಸಿನ್, ಫಂಗಸ್‌ಗೆ ಕೊಡುವ ಆಂಫೋಟೆರಿಸಿನ್, ಹೃದಯದ ಹತ್ರ ಮುಚ್ಚದೆ ಉಳಿದ ಪಿಡಿಎ ರಕ್ತನಾಳ ಮುಚ್ಚೋಕೆ ಕೊಡುವ ಐಬುಪ್ರೊಫೆನ್, ಇಂಡೊಮೆಥಾಸಿನ್, ಇವೆಲ್ಲ ಕಿಡ್ನಿಗೆ ಸ್ವಲ್ಪ ಭಾರವೇ. ಹಾಗಂತ ಕೊಡದೆ ಇರ್ಲಿಕ್ಕೂ ಆಗೋದಿಲ್ಲ, ಸೆಪ್ಸಿಸ್ ಇರುವ ಮಗುವಿಗೆ ಆಂಟಿಬಯೋಟಿಕ್ ಬೇಕೇ ಬೇಕು. ಎರಡು ಮೂರು ಇಂಥ ಮದ್ದು ಒಟ್ಟಿಗೆ ಹೋಗ್ತಾ ಇದ್ರೆ ಅಥವಾ ಒಂದೇ ಮದ್ದು ಸುಮಾರು ದಿನ ಎಳೆದ್ರೆ ಆಗ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕುವ ಒಂದು ಕಶ್ಮಲ, ರಕ್ತದಲ್ಲಿ ಅಳೆಯೋದು) ನೋಡ್ತಾ ಇರ್ಬೇಕು, ಡೋಸ್ ಮಧ್ಯದ ಗಂಟೆ ಜಾಸ್ತಿ ಮಾಡ್ಬೇಕಾಗ್ತದೆ.

ಇನ್ನೊಂದು ಕಾರಣ ಉಂಟು, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು ಯಾಕಂದ್ರೆ ಇದು ಮನೆಯಲ್ಲೇ ಶುರು ಆಗೋದು, ತಪ್ಪಿಸ್ಲಿಕ್ಕೂ ಆಗ್ತದೆ. ಚೊಚ್ಚಲ ಹೆರಿಗೆ, ಸಿಸೇರಿಯನ್, ನಾಲ್ಕನೇ ದಿನ ಡಿಸ್ಚಾರ್ಜ್, ಹಾಲು ಇನ್ನೂ ಸರಿ ಇಳಿದಿಲ್ಲ, ಹೊರಗೆ ಏಪ್ರಿಲ್ ಮೇ ತಿಂಗಳ ನಮ್ಮ ಕರಾವಳಿಯ ಸೆಕೆ, ಒಳಗೆ ಮಗುವಿಗೆ ಗಾಳಿ ತಾಗ್ಬಾರ್ದು ಅಂತ ಟೊಪ್ಪಿ, ಸ್ವೆಟರ್, ಮೇಲಿಂದ ಎರಡು ಬಟ್ಟೆ ಸುತ್ತಿ ಕಿಟಕಿ ಮುಚ್ಚಿದ ಕೋಣೆ. ಮಗು ಅಳೋದಿಲ್ಲ, ನಿದ್ದೆಯೇ ನಿದ್ದೆ. ನೋಡ್ಲಿಕ್ಕೆ ಬಂದವ್ರೆಲ್ಲ ಎಷ್ಟು ಪಾಪದ ಮಗು ಮಾರಾಯ್ರೆ, ಒಂಚೂರು ಕಿರಿಕಿರಿ ಇಲ್ಲ ಅಂತ ಹೊಗಳ್ತಾರೆ. ಆ ಮಗುವಿಗೆ ಅಳೋಕೆ ಶಕ್ತಿ ಇಲ್ಲ ಅಂತ ಗೊತ್ತಾಗೋದು ತೂಕ ಹಾಕಿದಾಗ. ಹುಟ್ಟಿದ ತೂಕದಲ್ಲಿ ಶೇ. 7ರಿಂದ 10ರ ತನಕ ಮೊದಲ ವಾರದಲ್ಲಿ ಇಳಿಯೋದು ಸಾಮಾನ್ಯ, 3 ಕೆಜಿ ಮಗು ಎರಡೂವರೆಗೆ ಇಳಿದು ಬಂದ್ರೆ ಅದು ಸಾಮಾನ್ಯ ಅಲ್ಲ. ರಕ್ತದಲ್ಲಿ ಸೋಡಿಯಂ 150 ದಾಟಿರ್ತದೆ, ಕ್ರಿಯಾಟಿನಿನ್ ಏರಿರ್ತದೆ. ಈ ಸೋಡಿಯಂನ್ನ ಗಡಿಬಿಡಿಯಲ್ಲಿ ಇಳಿಸ್ಲಿಕ್ಕೆ ಆಗೋದಿಲ್ಲ, ಬೇಗ ಇಳಿದ್ರೆ ಮೆದುಳಿಗೆ ನೀರು ತುಂಬ್ತದೆ, ಹಾಗಾಗಿ ಒಂದೆರಡು ದಿನ ಎಳೆದು ನಿಧಾನಕ್ಕೆ ಇಳಿಸ್ತಾರೆ. ಡ್ರಿಪ್ ಜೋರು ಬಿಡಿ ಅಂತ ಒತ್ತಾಯ ಮಾಡ್ಬೇಡಿ.

ಕರ್ಕೊಂಡು ಬರುವಾಗ ಏನು ತರ್ಬೇಕು

ಬೈಂದೂರು, ಕುಂದಾಪುರ, ಕಾರ್ಕಳ, ಬೆಳ್ತಂಗಡಿ, ಸುಳ್ಯದಿಂದ ಮಗುವನ್ನ ಮಣಿಪಾಲಕ್ಕೋ ಮಂಗಳೂರಿಗೋ ರೆಫರ್ ಮಾಡ್ತಾರೆ, ಘಟ್ಟದ ಮೇಲಿಂದ ಆಗುಂಬೆ ಇಳಿದು ಬರುವವ್ರೂ ಉಂಟು. ಗಡಿಬಿಡಿಯಲ್ಲಿ ಮಗುವಿನ ಒಂದು ರೆಫರಲ್ ಚೀಟಿ ಮಾತ್ರ ಬರ್ತದೆ, ತಾಯಿಯ ಫೈಲ್ ಹೆರಿಗೆ ಆದ ಆಸ್ಪತ್ರೆಯಲ್ಲೇ ಉಳಿತದೆ. ಆ ಫೈಲ್ ಬೇಕು. ಇಡೀ ಫೈಲ್ ಸಿಗದಿದ್ರೆ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ. ಗರ್ಭಿಣಿ ಇರುವಾಗಿನ ಸ್ಕ್ಯಾನಲ್ಲಿ ನೀರು ಕಮ್ಮಿ ಉಂಟು ಅಂತ ಬರೆದಿದ್ರೆ ಅದು ನಮಗೆ ದೊಡ್ಡ ಸುಳಿವು, ಯಾಕಂದ್ರೆ ಐದನೇ ತಿಂಗಳ ನಂತರ ಮಗುವಿನ ಸುತ್ತ ಇರುವ ನೀರಲ್ಲಿ ಹೆಚ್ಚಿನ ಪಾಲು ಮಗುವಿನ ಉಚ್ಚೆಯೇ. ಕಿಡ್ನಿ ಸ್ವಲ್ಪ ಊದಿದ ಹಾಗೆ ಉಂಟು ಅಂತ ಸ್ಕ್ಯಾನಲ್ಲಿ ಬರೆದಿದ್ರೂ ಹಾಗೇ. ತಾಯಿ ಬಿಪಿಗೆ ಯಾವ ಗುಳಿಗೆ ತಿನ್ತಾ ಇದ್ಲು, ನೋವಿನ ಗುಳಿಗೆ ಏನಾದ್ರೂ ತಿಂದಿದ್ಲಾ ಅನ್ನೋದೂ ಬೇಕು, ಎನಾಲಾಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮದ್ದು ಹೊಟ್ಟೆಯಲ್ಲಿರೋ ಮಗುವಿನ ಕಿಡ್ನಿಗೆ ಆಗೋದಿಲ್ಲ.

ಆಮೇಲೆ ಎರಡು ವಿಷಯ ಕೇಳಿ ಬರ್ಸ್ಕೊಂಡು ಬನ್ನಿ. ಮಗು ಹುಟ್ಟಿದ್ಮೇಲೆ ಮೊದಲ ಉಚ್ಚೆ ಎಷ್ಟು ಗಂಟೆಗೆ ಆಯ್ತು, ಮತ್ತೆ ಅಲ್ಲಿ ಯಾವ ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟಿದ್ದಾರೆ. ಹೆಚ್ಚಿನ ಮಕ್ಕಳು ಮೊದಲ 24 ಗಂಟೆ ಒಳಗೆ ಉಚ್ಚೆ ಮಾಡ್ತಾವೆ, 48 ಗಂಟೆ ಒಳಗೆ ಹೆಚ್ಚುಕಮ್ಮಿ ಎಲ್ಲವೂ ಮಾಡ್ತಾವೆ. ಎಷ್ಟೋ ಸಲ ಹೆರಿಗೆ ಆಗುವಾಗಲೇ ಉಚ್ಚೆ ಹೋಗಿರ್ತದೆ, ಯಾರೂ ನೋಡಿರೋದಿಲ್ಲ, ಆಮೇಲೆ ಮಗು ಉಚ್ಚೆಯೇ ಮಾಡಿಲ್ಲ ಅಂತ ಗಾಬರಿ. ಲೇಬರ್ ರೂಮಲ್ಲಿ ಇದ್ದ ಸಿಸ್ಟರ್ ಹತ್ರ ಕೇಳಿದ್ರೆ ಗೊತ್ತಾಗ್ತದೆ. ಇಂಜೆಕ್ಷನ್ ಟೈಮ್ ಯಾಕೆ ಅಂದ್ರೆ ಜೆಂಟಾಮೈಸಿನ್ ಅಲ್ಲಿ ಒಂದು ಡೋಸ್, ಇಲ್ಲಿ ಬಂದ್ಕೂಡ್ಲೆ ಇನ್ನೊಂದು ಡೋಸ್ ಅಂತ ಆಗ್ಬಾರ್ದು.

ದುಡ್ಡಿನ ವಿಷಯ ಸ್ವಲ್ಪ ಹೇಳಿ ಮುಂದೆ ಹೋಗ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಫ್ರೀ, 2011ರಿಂದ ಉಂಟು. ಮಂಗಳೂರಲ್ಲಿ ಲೇಡಿಗೋಶನ್, ವೆನ್ಲಾಕ್, ಉಡುಪಿಯಲ್ಲಿ ಸರ್ಕಾರಿ ತಾಯಿ ಮಕ್ಕಳ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವಂಥದ್ದೇ. ಬಿಪಿಎಲ್ ಕಾರ್ಡ್ ಇರುವವ್ರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಉಂಟು. ಪ್ರೈವೇಟಿಗೆ ಹೋಗುವಾಗ ರೆಫರಲ್ ಬೇಕಾ, ಮಗು ಯಾವ ಪ್ಯಾಕೇಜಲ್ಲಿ ಬರ್ತದೆ ಅಂತ ಅಡ್ಮಿಷನ್ ದಿನವೇ ಆರೋಗ್ಯಮಿತ್ರ ಕೌಂಟರಲ್ಲಿ ಕೇಳಿ, ಡಿಸ್ಚಾರ್ಜ್ ದಿನ ಕೇಳಿದ್ರೆ ತಲೆಬಿಸಿ.

ಒಳಗೆ ನಾವು ಉಚ್ಚೆ ಹೇಗೆ ಅಳಿತೇವೆ

ಮಗು ಅಂದ್ಮೇಲೆ ಡಯಾಪರಲ್ಲಿ ಮಾಡ್ತದೆ, ಅದನ್ನ ಅಳೆಯೋದು ಹೇಗೆ ಅಂತ ತುಂಬಾ ಜನ ಕೇಳ್ತಾರೆ. ತೂಕ ಹಾಕ್ತೇವೆ. ಒಣ ಡಯಾಪರ್ ತೂಕ ಮೊದಲೇ ಹಾಕಿ ಅದರ ಮೇಲೆ ಪೆನ್ನಲ್ಲಿ ಬರೆದಿಡೋದು, ಬದಲಾಯಿಸುವಾಗ ಪುನಃ ತೂಕ, ವ್ಯತ್ಯಾಸ ಎಷ್ಟು ಗ್ರಾಂ ಬರ್ತದೋ ಅಷ್ಟು ಎಂಎಲ್ ಉಚ್ಚೆ ಅಂತ ಲೆಕ್ಕ. ಒಣಗಿದ್ದು 18 ಗ್ರಾಂ, ಒದ್ದೆ ಆದ್ಮೇಲೆ 33 ಗ್ರಾಂ ಆದ್ರೆ 15 ಎಂಎಲ್. ಮಗು ಎರಡೂವರೆ ಕೆಜಿ, 3 ಗಂಟೆಯಲ್ಲಿ ಇಷ್ಟು ಬಂದಿದೆ ಅಂದ್ರೆ ಕೆಜಿಗೆ ಗಂಟೆಗೆ 2 ಎಂಎಲ್ ಆಯ್ತು, ಒಳ್ಳೇದೇ. ವಾರ್ಮರ್ ಅಡಿಯಲ್ಲಿ ಇರುವ ಮಗುವಿನ ಡಯಾಪರ್ ಸುಮಾರು ಹೊತ್ತು ಹಾಗೇ ಬಿಟ್ರೆ ಬಿಸಿಗೆ ಆರಿ ಹೋಗ್ತದೆ, ತೂಕ ಕಮ್ಮಿ ತೋರಿಸ್ತದೆ, ಅದಕ್ಕೇ ಒದ್ದೆ ಆದ್ಕೂಡ್ಲೆ ತೆಗೆದು ತೂಕ ಹಾಕೋದು. ಕಕ್ಕ ಸೇರಿದ್ರೆ ಲೆಕ್ಕ ತಪ್ತದೆ, ಆವಾಗ ಮಿಶ್ರ ಅಂತ ಚಾರ್ಟಲ್ಲಿ ಬೇರೆ ಬರಿತೇವೆ. ತುಂಬಾ ಸೀರಿಯಸ್ ಇರುವ ಮಗುವಿಗೆ ಸಣ್ಣ ಕೆಥೆಟರ್ ಹಾಕಿ ಗಂಟೆಗಂಟೆಗೂ ನೋಡ್ತಾರೆ. ತಾಯಿ ಒಳಗೆ ಬಂದು ಡಯಾಪರ್ ಬದಲಾಯಿಸಿದ್ರೆ ದಯವಿಟ್ಟು ಕಸದ ಬುಟ್ಟಿಗೆ ಹಾಕ್ಬೇಡಿ, ಸಿಸ್ಟರ್ ಕೈಗೆ ಕೊಡಿ. ಒಂದು ಡಯಾಪರ್ ಹೋದ್ರೆ 1 ಕೆಜಿ ಮಗುವಿನ ಅರ್ಧ ದಿನದ ಲೆಕ್ಕ ತಲೆಕೆಳಗಾಗ್ತದೆ.

ಮೊದಲ ದಿನ ಕಮ್ಮಿ ಇದ್ರೆ ಅಷ್ಟು ಚಿಂತೆ ಇಲ್ಲ. ಮೊದಲ 24 ಗಂಟೆ ಕಳೆದ್ಮೇಲೆ ಕೆಜಿಗೆ ಗಂಟೆಗೆ 1 ಎಂಎಲ್‌ಗಿಂತ ಕೆಳಗೆ ಇಳಿದ್ರೆ ಕಿಡ್ನಿ ಕಡೆ ನೋಡ್ಬೇಕು ಅಂತ ಅರ್ಥ. ಅಂದ್ರೆ ಎರಡೂವರೆ ಕೆಜಿ ಮಗು ದಿನಕ್ಕೆ ಕಮ್ಮಿ ಅಂದ್ರೂ 60 ಎಂಎಲ್ ಮಾಡ್ಬೇಕು. ಒಂದು ಕೆಜಿ ಇನ್ನೂರು ಗ್ರಾಂ ಮಗು 29 ಎಂಎಲ್ ಹತ್ರ.

ಆದ್ರೆ ಇದರಲ್ಲೇ ಒಂದು ಮೋಸ ಉಂಟು. ಉಚ್ಚೆ ಚೆನ್ನಾಗಿ ಹೋಗ್ತಾ ಇದ್ದೂ ಕಿಡ್ನಿಗೆ ಪೆಟ್ಟಾಗಿರ್ಬಹುದು, ಸಣ್ಣ ಮಕ್ಕಳಲ್ಲಿ ಇದು ಸಾಮಾನ್ಯ, ಜೆಂಟಾಮೈಸಿನ್ ಅಂಥ ಮದ್ದಿನಿಂದ ಆದ ಪೆಟ್ಟಲ್ಲಿ ಹೆಚ್ಚಾಗಿ ಹೀಗೇ ಇರ್ತದೆ. ನೀರು ಹೊರಗೆ ಹೋಗ್ತದೆ, ಕಶ್ಮಲ ಒಳಗೇ ಉಳಿತದೆ. ಅದಕ್ಕೇ ರಕ್ತ ಪರೀಕ್ಷೆ.

ಕ್ರಿಯಾಟಿನಿನ್ ರಿಪೋರ್ಟ್ ಓದೋದು

ಇದೊಂದನ್ನ ಸರಿ ಅರ್ಥ ಮಾಡ್ಕೊಂಡ್ರೆ ಅರ್ಧ ಗೊಂದಲ ಕಮ್ಮಿ ಆಗ್ತದೆ. ಹುಟ್ಟಿದ ಮೊದಲ ದಿನ ಮಗುವಿನ ರಕ್ತದಲ್ಲಿ ಕಾಣುವ ಕ್ರಿಯಾಟಿನಿನ್ ತಾಯಿಯದ್ದು. ತಿಂಗಳು ತುಂಬಿದ ಮಗುವಿಗೆ ಅದು ಒಂದೆರಡು ವಾರದಲ್ಲಿ ಇಳಿತಾ ಬರ್ತದೆ. ತಿಂಗಳು ತುಂಬದ ಮಗುವಿಗೆ ಮೊದಲ ಎರಡು ಮೂರು ದಿನ ಸ್ವಲ್ಪ ಏರಿ ಆಮೇಲೆ ನಿಧಾನಕ್ಕೆ ಇಳಿತದೆ. ಹಾಗಾಗಿ ಒಂದು ದಿನದ ಒಂದು ನಂಬರ್ ಹಿಡ್ಕೊಂಡು ಏನೂ ಹೇಳ್ಲಿಕ್ಕೆ ಆಗೋದಿಲ್ಲ, ಏರ್ತಾ ಉಂಟಾ ಇಳಿತಾ ಉಂಟಾ ಅನ್ನೋದು ಮುಖ್ಯ. 48 ಗಂಟೆ ಒಳಗೆ 0.3 (ಎಂಜಿ/ಡಿಎಲ್ ಲೆಕ್ಕದಲ್ಲಿ) ಏರಿದ್ರೆ, ಅಥವಾ ಅಲ್ಲಿ ತನಕ ಬಂದ ಎಲ್ಲಕ್ಕಿಂತ ಕಮ್ಮಿ ನಂಬರಿನ ಒಂದೂವರೆ ಪಟ್ಟು ಆದ್ರೆ ಕಿಡ್ನಿ ಪೆಟ್ಟು ಅಂತ ಲೆಕ್ಕ. ಎರಡು ಪಟ್ಟು ಆದ್ರೆ ಎರಡನೇ ಹಂತ, ಮೂರು ಪಟ್ಟು ಅಥವಾ 2.5 ದಾಟಿದ್ರೆ ಅಥವಾ ಡಯಾಲಿಸಿಸ್ ಬೇಕಾದ್ರೆ ಮೂರನೇ ಹಂತ.

ಈಗ ನೋಡಿ, ಮಗುವಿಗೆ ಮೂರನೇ ದಿನ 0.6 ಇತ್ತು, ಐದನೇ ದಿನ 1.0 ಬಂತು. ಲ್ಯಾಬ್ ರಿಪೋರ್ಟಲ್ಲಿ ಪಕ್ಕದಲ್ಲಿ ನಾರ್ಮಲ್ ರೇಂಜ್ ಅಂತ ಎಷ್ಟೋ ಸಲ ದೊಡ್ಡವ್ರದ್ದೇ ಪ್ರಿಂಟ್ ಆಗಿರ್ತದೆ, 1.0 ಅದರ ಒಳಗೇ ಬರ್ತದೆ, ದಪ್ಪ ಅಕ್ಷರ ಇಲ್ಲ, ಕೆಂಪು ಗುರುತು ಇಲ್ಲ. ಮನೆಯವ್ರು ಓದಿ ಎಲ್ಲ ನಾರ್ಮಲ್ ಅಂತ ಊರಿಗೆ ಫೋನ್ ಮಾಡ್ತಾರೆ. ಆದ್ರೆ ಆ ಮಗುವಿಗೆ 0.4 ಏರಿದೆ, ಅದು ಪೆಟ್ಟೇ. ಹಾಗೆ ನಾರ್ಮಲ್ ರೇಂಜ್ ನೋಡ್ಬೇಡಿ, ಮೊನ್ನೆಯ ನಂಬರ್ ನೋಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ, ದಿನಕ್ಕೆ ಒಂದು ಸಾಲು ಸಾಕು, ತಾರೀಕು, ತೂಕ, 24 ಗಂಟೆಯ ಉಚ್ಚೆ, ಕ್ರಿಯಾಟಿನಿನ್ ಮಾಡಿದ್ರೆ ಅದು, ಪೊಟ್ಯಾಶಿಯಂ, ಬಿಪಿ. ರೌಂಡ್ಸ್ ಆದ್ಮೇಲೆ ಡಾಕ್ಟ್ರು ಹೊರಗೆ ಬಂದು ಮಾತಾಡುವಾಗ ಕೇಳಿದ್ರೆ ಹೇಳ್ತಾರೆ, ಬರ್ಕೊಳ್ಳುವವ್ರ ಹತ್ರ ಸ್ವಲ್ಪ ನಿಧಾನಕ್ಕೆ ವಿವರಿಸಿಯೂ ಹೇಳ್ತಾರೆ, ಇದು ನಾನು ದಿನಾ ನೋಡುವ ವಿಷಯ. ಮನೆಯಿಂದ ಒಬ್ಬರೇ ಕೇಳಿ, ಇವತ್ತು ಮಾವ, ನಾಳೆ ಚಿಕ್ಕಪ್ಪ, ನಾಡಿದ್ದು ದುಬೈಯಿಂದ ಭಾವನ ಫೋನ್ ಅಂತ ಆದ್ರೆ ಯಾರಿಗೂ ಪೂರ್ತಿ ಗೊತ್ತಾಗೋದಿಲ್ಲ.

ಕ್ರಿಯಾಟಿನಿನ್ ತಡವಾಗಿ ಏರುವ ಜಾತಿ ಅನ್ನೋದೂ ತಿಳ್ಕೊಳ್ಳಿ, ಪೆಟ್ಟು ಬಿದ್ದು ಒಂದೆರಡು ದಿನ ಆದ್ಮೇಲೆ ರಿಪೋರ್ಟಲ್ಲಿ ಕಾಣ್ತದೆ. ನಿನ್ನೆ ಚೆನ್ನಾಗಿತ್ತು ಇವತ್ತು ಇವ್ರು ಏನೋ ಮಾಡಿದ್ರು ಅಂತ ಅನುಮಾನ ಬರೋದು ಇದರಿಂದ. ಪೊಟ್ಯಾಶಿಯಂ ಬಗ್ಗೆ ಒಂದು ಮಾತು, ಇದು ಜಾಸ್ತಿ ಆದ್ರೆ ಹೃದಯದ ಬಡಿತ ತಪ್ತದೆ, ಕಿಡ್ನಿ ಪೆಟ್ಟಲ್ಲಿ ಅತಿ ಬೇಗ ಅಪಾಯ ತರೋದು ಇದೇ. ಹಿಮ್ಮಡಿ ಚುಚ್ಚಿ ಹಿಂಡಿ ತೆಗೆದ ರಕ್ತದಲ್ಲಿ ರಕ್ತಕಣ ಒಡೆದು ಸುಳ್ಳು ಪೊಟ್ಯಾಶಿಯಂ ಕಾಣ್ತದೆ, ಅದಕ್ಕೆ ಪುನಃ ನರದಿಂದ ರಕ್ತ ತೆಗಿತಾರೆ, ಇಸಿಜಿ ನೋಡ್ತಾರೆ. ಮಗುವಿಗೆ ಸುಮ್ಮನೆ ಎರಡೆರಡು ಸಲ ಚುಚ್ತಾರೆ ಅಂತ ಸಿಟ್ಟು ಬೇಡ.

ತೂಕ ಜಾಸ್ತಿ ಆಯ್ತು ಅಂತ ಖುಷಿ ಪಡುವ ಮೊದಲು

ಅಜ್ಜಿಯೊಬ್ಬರು ಗ್ಲಾಸಿಂದ ನೋಡಿ, ಸಿಸ್ಟರೇ ಮಗು ನಿನ್ನೆಗಿಂತ ತುಂಬಿಕೊಂಡಿದೆ ಅಲ್ವಾ, ಕೆನ್ನೆ ನೋಡಿ ಅಂತ ಕೇಳಿದ್ರು. ಕೆನ್ನೆ ಮಾತ್ರ ಅಲ್ಲ, ಕಣ್ಣಿನ ರೆಪ್ಪೆ, ಕಾಲಿನ ಮೇಲ್ಭಾಗ ಎಲ್ಲ ಊದಿತ್ತು, ಬೆರಳಲ್ಲಿ ಒತ್ತಿದ್ರೆ ಗುಳಿ ಹಾಗೇ ಉಳೀತಾ ಇತ್ತು. ಕಾಯಿಲೆ ಮಗುವಿನ ತೂಕ ಮೊದಲ ವಾರದಲ್ಲಿ ಏರಿದ್ರೆ ಅದು ಮಾಂಸ ಬೆಳೆದದ್ದಲ್ಲ, ನೀರು. 2 ಕೆಜಿ 800 ಗ್ರಾಂ ಹುಟ್ಟಿದ ಮಗು ಮೂರನೇ ದಿನ 3 ಕೆಜಿ 100 ಗ್ರಾಂ ಆದ್ರೆ ಶೇ. 10ಕ್ಕಿಂತ ಜಾಸ್ತಿ ನೀರು ತುಂಬಿದೆ, ಶ್ವಾಸಕೋಶಕ್ಕೂ ಅದು ಭಾರ, ವೆಂಟಿಲೇಟರ್ ತೆಗೀಲಿಕ್ಕೂ ಕಷ್ಟ ಆಗ್ತದೆ.

ಅದಕ್ಕೇ ಚಿಕಿತ್ಸೆಯಲ್ಲಿ ದೊಡ್ಡ ಪಾಲು ನೀರಿನ ಲೆಕ್ಕವೇ. ನೀರು ಕಮ್ಮಿ ಆಗಿ ಪೆಟ್ಟಾಗಿದ್ರೆ ಡ್ರಿಪ್ ಕೊಡ್ತಾರೆ, ನೀರು ಜಾಸ್ತಿ ಆಗಿದ್ರೆ ಚರ್ಮದಿಂದ ಉಸಿರಿಂದ ಆರಿ ಹೋಗುವಷ್ಟು ಮತ್ತೆ ಉಚ್ಚೆಯಲ್ಲಿ ಹೋದಷ್ಟು ಮಾತ್ರ ಕೊಡ್ತಾರೆ. ಒಂದೇ ವಾರ್ಡಲ್ಲಿ ಕಿಡ್ನಿ ಪೆಟ್ಟಾದ ಎರಡು ಮಕ್ಕಳಿಗೆ ಉಲ್ಟಾ ಚಿಕಿತ್ಸೆ ನಡಿಬಹುದು, ಪಕ್ಕದ ಮಗುವಿಗೆ ಡ್ರಿಪ್ ಕೊಟ್ರು ನಮ್ಮದಕ್ಕೆ ಕಮ್ಮಿ ಮಾಡಿದ್ರು ಅಂತ ಹೋಲಿಸ್ಬೇಡಿ. ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟಾಗ ಉಚ್ಚೆ ಜಾಸ್ತಿ ಬರ್ತದೆ, ನೀರು ಇಳಿತದೆ, ಆದ್ರೆ ಅದು ಕಿಡ್ನಿಯನ್ನ ವಾಸಿ ಮಾಡೋದಿಲ್ಲ. ಕಿಡ್ನಿ ತಾನೇ ಚೇತರಿಸ್ಕೊಳ್ಬೇಕು, ಅಲ್ಲಿ ತನಕ ಮಗುವನ್ನ ಸಂಭಾಳಿಸೋದು ಚಿಕಿತ್ಸೆ. ಚೇತರಿಸ್ಕೊಳ್ಳುವಾಗ ಕೆಲವು ಮಕ್ಕಳಿಗೆ ಒಮ್ಮೆಲೇ ಉಚ್ಚೆ ಜೋರಾಗಿ ಹೋಗ್ಲಿಕ್ಕೆ ಶುರು ಆಗ್ತದೆ, ಅದರ ಜೊತೆ ಸೋಡಿಯಂ ಪೊಟ್ಯಾಶಿಯಂ ಕೂಡ ಹೋಗ್ತದೆ, ಹಾಗಾಗಿ ಉಚ್ಚೆ ಬಂತು ಅಂತ ರಕ್ತ ಪರೀಕ್ಷೆ ನಿಲ್ಸೋದಿಲ್ಲ.

ಡಯಾಲಿಸಿಸ್ ಅಂದ ಕೂಡ್ಲೆ ಮನೆಯವ್ರ ಮುಖ ಬಾಡ್ತದೆ. ಹೆಚ್ಚಿನ ಮಕ್ಕಳಿಗೆ ಅದರ ಅಗತ್ಯವೇ ಬರೋದಿಲ್ಲ. ಬಂದ್ರೂ ಸಣ್ಣ ಮಕ್ಕಳಿಗೆ ಹೆಚ್ಚಾಗಿ ಮಾಡೋದು ಹೊಟ್ಟೆ ಡಯಾಲಿಸಿಸ್, ಹೊಟ್ಟೆಗೆ ಒಂದು ಸಪೂರ ನಳಿಗೆ ಹಾಕಿ ದ್ರಾವಣ ಬಿಟ್ಟು ಸ್ವಲ್ಪ ಹೊತ್ತು ಇಟ್ಟು ಹೊರಗೆ ತೆಗಿಯೋದು, ಹೀಗೆ ಸುತ್ತು ಸುತ್ತಾಗಿ. ಪೊಟ್ಯಾಶಿಯಂ ಇಳಿಯದಿದ್ರೆ, ನೀರು ಯಾವುದಕ್ಕೂ ಬಗ್ಗದಿದ್ರೆ, ರಕ್ತದಲ್ಲಿ ಆಸಿಡ್ ಹೆಚ್ಚಿದ್ರೆ ಮಾಡ್ತಾರೆ. ದೊಡ್ಡವ್ರ ಹಾಗೆ ಜೀವನಪೂರ್ತಿ ಡಯಾಲಿಸಿಸ್ ಅಂತ ಅಂದ್ಕೊಳ್ಬೇಡಿ, ಕಿಡ್ನಿ ಹುಟ್ಟಿನಿಂದಲೇ ಸರಿ ಇದ್ದು ಈಗ ಪೆಟ್ಟಾಗಿದ್ದಾದ್ರೆ ಎಷ್ಟೋ ಮಕ್ಕಳಿಗೆ ಸ್ವಲ್ಪ ದಿನಕ್ಕೆ ಮಾತ್ರ ಬೇಕಾಗ್ತದೆ.

ತಾಯಿ ಮಾಡ್ಬಹುದಾದ ಕೆಲಸ ಹಾಲು. ಕಿಡ್ನಿ ಸೋತ ಮಗುವಿಗೆ ತಾಯಿ ಹಾಲಿನಷ್ಟು ಹಗುರ ಬೇರೆ ಇಲ್ಲ, ಹಸುವಿನ ಹಾಲಲ್ಲಿ ಇರುವ ಫಾಸ್ಫರಸ್ ಉಪ್ಪಿನಂಶದ ಭಾರ ಇದರಲ್ಲಿ ಇಲ್ಲ. ಮಗುವಿಗೆ ಬಾಯಿಯಲ್ಲಿ ಏನೂ ಕೊಡ್ತಾ ಇಲ್ಲ ಅಂದ್ರೂ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ ಹಿಂಡಿ ತೆಗಿಬೇಕು, ಇಲ್ಲದಿದ್ರೆ ಮಗು ಕುಡಿಲಿಕ್ಕೆ ರೆಡಿ ಆಗುವಾಗ ಹಾಲು ಬತ್ತಿರ್ತದೆ. ತಾಯಿ ಬೇರೆ ಆಸ್ಪತ್ರೆಯಲ್ಲಿದ್ರೆ ಐಸ್ ಬಾಕ್ಸಲ್ಲಿ ತಂದು ಕೊಡಿ, ಹೆಸ್ರು ಟೈಮ್ ಬರೆದು. ಲೇಡಿಗೋಶನಲ್ಲಿ ತಾಯಿ ಹಾಲಿನ ಬ್ಯಾಂಕ್ ಕೂಡ ಉಂಟು.

ಡಿಸ್ಚಾರ್ಜ್ ದಿನ ಮತ್ತೆ ಆಮೇಲೆ

ಆ ದಿನ ಎಲ್ಲರಿಗೂ ಮನೆಗೆ ಹೋಗುವ ಅವಸರ. ಐದು ನಿಮಿಷ ಕೂತು ಡಿಸ್ಚಾರ್ಜ್ ಸಮ್ಮರಿ ಓದಿ. ತಿಂಗಳುಗಟ್ಟಲೆ ಇದ್ದ ಮಗುವಿನ ಸಮ್ಮರಿಯಲ್ಲಿ ಉಸಿರಾಟ, ಇನ್ಫೆಕ್ಷನ್, ಕಣ್ಣಿನ ಪರೀಕ್ಷೆ, ತಲೆ ಸ್ಕ್ಯಾನ್ ಎಲ್ಲ ಇದ್ದು ಎರಡನೇ ವಾರದಲ್ಲಿ ಕ್ರಿಯಾಟಿನಿನ್ ಏರಿ ಇಳಿದದ್ದು ಬಿಟ್ಟು ಹೋಗಿರ್ತದೆ, ಯಾಕಂದ್ರೆ ಅದು ಸರಿಯಾಗಿದೆ ಅಲ್ವಾ. ಕಿಡ್ನಿ ಪೆಟ್ಟು ಆಗಿತ್ತು, ಯಾವ ಹಂತ, ಅತಿ ಜಾಸ್ತಿ ಕ್ರಿಯಾಟಿನಿನ್ ಎಷ್ಟು, ಮನೆಗೆ ಹೋಗುವಾಗ ಎಷ್ಟು, ಬಿಪಿ ಎಷ್ಟು, ಕಿಡ್ನಿ ಸ್ಕ್ಯಾನ್ ಮಾಡಿದ್ರೆ ಅದರಲ್ಲಿ ಏನಿತ್ತು, ಇಷ್ಟು ಬರ್ಸ್ಕೊಳ್ಳಿ. ಬರೆದಿಲ್ಲ ಅಂದ್ರೆ ನಯವಾಗಿ ಕೇಳಿ, ಬರೆದು ಕೊಡ್ತಾರೆ. ಮುಂದೆ ಐದು ವರ್ಷ ಆದ್ಮೇಲೆ ಮಗುವಿಗೆ ಜ್ವರ ಬಂದು ಬೇರೆ ಡಾಕ್ಟ್ರ ಹತ್ರ ಹೋದಾಗ ಅವ್ರಿಗೆ ಇದು ಗೊತ್ತಿರ್ಬೇಕು.

ಮನೆಯಲ್ಲಿ ಉಚ್ಚೆ ಲೆಕ್ಕ ಸುಲಭ. ಹಾಲು ಸರಿ ಸಿಗ್ತಾ ಇರುವ ಮಗು ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಒದ್ದೆ ಮಾಡ್ಬೇಕು. ಬಟ್ಟೆ ಕಟ್ಟುವವ್ರಿಗೆ ಬೇಗ ಗೊತ್ತಾಗ್ತದೆ, ಡಯಾಪರ್ ಆದ್ರೆ ಕೈಯಲ್ಲಿ ಎತ್ತಿ ಭಾರ ನೋಡಿ. ಮಳೆಗಾಲದಲ್ಲಿ ಬಟ್ಟೆ ಒಣಗೋದಿಲ್ಲ ಅಂತ ರಾತ್ರಿ ಹಗಲು ಒಂದೇ ಡಯಾಪರಲ್ಲಿ ಬಿಟ್ರೆ ಎಷ್ಟು ಸಲ ಹೋಯ್ತು ಅಂತ ಲೆಕ್ಕ ಸಿಗೋದಿಲ್ಲ, ಇನ್ಫೆಕ್ಷನ್ ಬೇರೆ. ಇಟ್ಟಿಗೆ ಪುಡಿ ಬಣ್ಣದ ಕಲೆ ಮೊದಲ ಎರಡು ಮೂರು ದಿನ ಕಂಡ್ರೆ ಪರವಾಗಿಲ್ಲ, ಆಮೇಲೂ ಬರ್ತಾ ಇದ್ರೆ ಹಾಲು ಸಾಲ್ತಾ ಇಲ್ಲ ಅಂತ ಅರ್ಥ, ತೋರ್ಸಿ. ಆರು ಎಂಟು ಗಂಟೆ ಆದ್ರೂ ಉಚ್ಚೆ ಇಲ್ಲ, ಮಗು ಏಳ್ತಾ ಇಲ್ಲ, ಬಾಯಿ ಒಣಗಿದೆ, ನೆತ್ತಿ ಗುಳಿ ಬಿದ್ದಿದೆ, ಮುಖ ಕಾಲು ಊದಿದೆ ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ವಾಂತಿ ಭೇದಿ ಶುರುವಾದ್ರೂ ಹಾಗೇ, ಬೇರೆ ಮಗುವಿಗೆ ಒಂದು ದಿನ ನೋಡುವ ಅನ್ಬಹುದು, ಈ ಮಗುವಿಗೆ ಬೇಡ.

ಆರು ತಿಂಗಳ ತನಕ ಹಾಲು ಬಿಟ್ಟು ನೀರು, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಬಜೆ ತೇಯ್ದು ನೆಕ್ಕಿಸೋದು, ಊರ ಮದ್ದಿನ ಕಷಾಯ, ಭಸ್ಮ ಇವೂ ಬೇಡ, ಅಜ್ಜಿಯಂದಿರು ಪ್ರೀತಿಯಿಂದಲೇ ಕೊಡೋದು ನನಗೆ ಗೊತ್ತುಂಟು, ಆದ್ರೆ ಅದರಲ್ಲಿ ಏನೆಲ್ಲ ಉಂಟು ಅಂತ ಗೊತ್ತಿಲ್ಲದ್ದನ್ನ ಪೆಟ್ಟಾದ ಕಿಡ್ನಿ ತಡ್ಕೊಳ್ಳೋದಿಲ್ಲ. ಜ್ವರಕ್ಕೆ ಡಾಕ್ಟ್ರು ತೂಕ ನೋಡಿ ಹೇಳಿದಷ್ಟೇ ಪ್ಯಾರಸಿಟಮಾಲ್. ಮೂರು ತಿಂಗಳ ಒಳಗಿನ ಮಗುವಿಗೆ ಜ್ವರ ಬಂದ್ರೆ ಮದ್ದು ಹಾಕಿ ಕೂರೋದು ಬೇಡ, ನೇರ ಆಸ್ಪತ್ರೆ. ಮೆಡಿಕಲ್ ಶಾಪಲ್ಲಿ ಜ್ವರಕ್ಕೆ ಅಂತ ಕೇಳಿದ್ರೆ ಮೆಫ್ತಾಲ್, ಐಬುಪ್ರೊಫೆನ್ ಸಿರಪ್ ಕೊಟ್ಟು ಬಿಡ್ತಾರೆ, ಬೇಗ ಜ್ವರ ಇಳಿತದೆ ಅಂತ ಜನರಿಗೂ ಅದೇ ಇಷ್ಟ. ಇವು ಕಿಡ್ನಿಗೆ ಹೋಗುವ ರಕ್ತ ಕಮ್ಮಿ ಮಾಡ್ತಾವೆ, ನಿಮ್ಮ ಮಗುವಿಗೆ ಡಾಕ್ಟ್ರ ಹತ್ರ ಕೇಳದೆ ಕೊಡ್ಬೇಡಿ. ನಿಮೆಸುಲೈಡ್ ಅಂತೂ 12 ವರ್ಷದ ಒಳಗಿನ ಮಕ್ಕಳಿಗೆ ಕೊಡೋದು 2011ರಿಂದ ನಮ್ಮ ದೇಶದಲ್ಲಿ ನಿಷೇಧ.

ಪೆಟ್ಟಾಗಿ ಮೂರು ತಿಂಗಳು ಆದಾಗ ಒಂದು ಸಲ ಕಿಡ್ನಿ ಚೆಕಪ್ ಆಗ್ಲೇಬೇಕು, ಕ್ರಿಯಾಟಿನಿನ್, ಉಚ್ಚೆಯಲ್ಲಿ ಪ್ರೊಟೀನ್, ಬಿಪಿ, ತೂಕ ಎತ್ತರ. ಅಲ್ಲಿ ಎಲ್ಲ ಸರಿ ಇದ್ರೂ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಮತ್ತೆ ಎರಡು ಮೂರನೇ ಹಂತದ ಪೆಟ್ಟಾದ ಮಕ್ಕಳಿಗೆ ವರ್ಷಕ್ಕೊಮ್ಮೆ ಆದ್ರೂ ಬಿಪಿ ಮತ್ತೆ ಉಚ್ಚೆ ಪರೀಕ್ಷೆ ಮಾಡ್ಸಿ. ಹೊಸ ನೆಫ್ರಾನ್ ಹುಟ್ಟೋದಿಲ್ಲ, ಇರುವಷ್ಟೇ ಜಾಸ್ತಿ ದುಡಿತಾವೆ, ಆ ದುಡಿತದ ಸುಸ್ತು ವರ್ಷಗಟ್ಟಲೆ ಆದ್ಮೇಲೆ ಬಿಪಿಯಾಗಿ ಕಾಣ್ಬಹುದು. ಮಕ್ಕಳಿಗೆ ಎಂಥ ಬಿಪಿ ಅಂತ ಕ್ಲಿನಿಕ್ಕಲ್ಲಿ ಬಿಟ್ಟು ಬಿಡುವ ಪರೀಕ್ಷೆ ಇದು, ನೀವೇ ನೆನಪಿಸ್ಬೇಕು. ಮಗುವಿನ ತೋಳಿನ ಅಳತೆಯ ಸಣ್ಣ ಕಫ್ ಬೇಕು, ದೊಡ್ಡ ಕಫ್ ಕಟ್ಟಿದ್ರೆ ಬಿಪಿ ಕಮ್ಮಿ ತೋರಿಸ್ತದೆ, ತೀರ ಸಣ್ಣದು ಕಟ್ಟಿದ್ರೆ ಜಾಸ್ತಿ. ಬಲಗೈಗೆ ಕಟ್ಬೇಕು, ಮಗು ಅಳ್ತಾ ಇರುವಾಗ ನೋಡಿದ ನಂಬರಿಗೆ ಬೆಲೆ ಇಲ್ಲ. ಹಾಗಾಗಿ ಇಂಜೆಕ್ಷನ್ ಹಾಕುವ ದಿನ ಬಿಪಿ ನೋಡುವುದಾದ್ರೆ ಇಂಜೆಕ್ಷನ್‌ಗೆ ಮೊದಲೇ, ಹಾಲು ಕುಡಿದು ತೊಡೆ ಮೇಲೆ ನಿದ್ದೆ ಮಾಡ್ತಾ ಇರುವಾಗ ನೋಡಿ ಅಂತ ಹೇಳಿ, ಬಂದ ನಂಬರನ್ನ ತಾಯಿ ಕಾರ್ಡಲ್ಲಿ ಲಸಿಕೆ ಬರೆಯುವ ಪುಟದಲ್ಲೇ ಬರ್ಸ್ಕೊಳ್ಳಿ, ಆ ಕಾರ್ಡನ್ನ ಯಾರ ಮನೆಯಲ್ಲೂ ಅಷ್ಟು ಸುಲಭಕ್ಕೆ ಕಳ್ಕೊಳ್ಳೋದಿಲ್ಲ.